ಡಬ್ಬಿಯಷ್ಟೇ ಗಾತ್ರದ ಕ್ಯಾನ್‌ಸ್ಯಾಟ್: ಕಟ್ಟುವುದು ಹೇಗೆ, ಕೈಕೊಡುವುದು ಎಲ್ಲಿ

2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ಹೊತ್ತೊಯ್ದ ಸ್ಟಡ್‌ಸ್ಯಾಟ್ ಉಪಗ್ರಹ ಒಂದು ಕಿಲೋಗಿಂತ ಹಗುರ. ಕಟ್ಟಿದವರು ಕರ್ನಾಟಕ, ಆಂಧ್ರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅಂಥದ್ದಕ್ಕೆ ಕೈಹಾಕುವ ಮೊದಲು ದಾವಣಗೆರೆ, ಚಿತ್ರದುರ್ಗದ ಕಾಲೇಜು ತಂಡಗಳು ಕ್ಯಾನ್‌ಸ್ಯಾಟ್‌ನಲ್ಲಿ ಕೈ ಪಳಗಿಸಿಕೊಳ್ಳಬಹುದು. ತಂಪುಪಾನೀಯದ ಡಬ್ಬಿಯಷ್ಟಿರುವ ಈ ಕಲಿಕೆಯ ‘ಉಪಗ್ರಹ’ ಕಕ್ಷೆಗೆ ಹೋಗುವುದಿಲ್ಲ. ಡ್ರೋನ್‌ನಿಂದ ಬಿಟ್ಟಾಗ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಾ ಒತ್ತಡ, ಉಷ್ಣಾಂಶದ ಮಾಹಿತಿ ಕಳಿಸುತ್ತದೆ.

ಮೊದಲು ತೂಕ

ಯುರೋಪಿನ ಸ್ಪರ್ಧೆಗಳ ಅಳತೆ ಹೀಗಿದೆ: ವ್ಯಾಸ 66 ಮಿ.ಮೀ., ಎತ್ತರ 115 ಮಿ.ಮೀ., ತೂಕ 350 ಗ್ರಾಂ ಒಳಗೆ. ಹೊರಕವಚಕ್ಕೆ 60 ಗ್ರಾಂ, ಬ್ಯಾಟರಿಗೆ 60, ಬೋರ್ಡು–ಸೆನ್ಸರ್‌ಗೆ 70, ಪ್ಯಾರಾಚೂಟ್‌ಗೆ 25, ವೈರು–ಸ್ಕ್ರೂಗೆ 35 ಎಂದಿಟ್ಟುಕೊಂಡರೆ ನಿಮ್ಮ ಪ್ರಯೋಗಕ್ಕೆ 100 ಗ್ರಾಂ ಉಳಿಯುತ್ತದೆ. ಕವಚವನ್ನು 3ಡಿ ಪ್ರಿಂಟರಿನ ಸಾಮಾನ್ಯ ಪ್ಲಾಸ್ಟಿಕ್ ಆದ ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಬೇಡಿ. ಅದು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸೊಟ್ಟಗಾಗಲು ಅಷ್ಟು ಸಾಕು. ಇನ್ನಷ್ಟು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ ವಾಸಿ.

ವಿದ್ಯುತ್ತು: ಹೆಚ್ಚಿನವರು ಎಡವುವುದು ಇಲ್ಲೇ

ಮೇಜಿನ ಮೇಲೆ ಯುಎಸ್‌ಬಿಯಲ್ಲಿ ಚೆನ್ನಾಗಿ ಓಡುವ ಇಎಸ್‌ಪಿ32 (ಡಬ್ಬಿಯ ಮಿದುಳಾದ ಪುಟ್ಟ ಕಂಪ್ಯೂಟರ್ ಬೋರ್ಡು), ಬ್ಯಾಟರಿಗೆ ಹಾಕಿದೊಡನೆ ಪದೇಪದೇ ರೀಸೆಟ್ ಆಗುತ್ತದೆ. ಕೋಡ್ ಹುಡುಕುತ್ತಾ ಕೂರಬೇಡಿ. ಅಗ್ಗದ ಬೋರ್ಡುಗಳಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗ) ತಾನೇ ಸುಮಾರು ಒಂದು ವೋಲ್ಟ್ ನುಂಗುತ್ತದೆ. ಒಂದು 18650 ಲಿಥಿಯಂ ಸೆಲ್ ಕೊಡುವ 3.7 ವೋಲ್ಟ್‌ನಲ್ಲಿ ಅದನ್ನು ಕಳೆದರೆ ಬೋರ್ಡಿಗೆ ಬೇಕಾದ 3.3 ಎಲ್ಲಿಂದ ಬರಬೇಕು? ಎಪಿ2112ಕೆಯಂಥ, ಕಡಿಮೆ ನುಂಗುವ ರೆಗ್ಯುಲೇಟರ್ ಹಾಕಿ, ಇಲ್ಲವೇ 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಮಾಡ್ಯೂಲ್ ಬಳಸಿ. ರೇಡಿಯೊ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ವೈಫೈ ಬೇಡ, ಆಫ್ ಮಾಡಿ.

ಸೆಲ್ ಹೋಲ್ಡರಿನ ಸ್ಪ್ರಿಂಗ್ ಇನ್ನೊಂದು ತಲೆನೋವು. ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಎಳೆತಕ್ಕೆ ಸೆಲ್ ಕ್ಷಣಮಾತ್ರ ಜರುಗಿದರೂ ಬೋರ್ಡು ಮತ್ತೆ ಶುರುವಾಗುತ್ತದೆ. ಆಗ ಅದು ಗಾಳಿಯಲ್ಲಿರುವ ಎತ್ತರವನ್ನೇ ‘ಸೊನ್ನೆ’ ಎಂದುಕೊಂಡುಬಿಡುತ್ತದೆ! ಟ್ಯಾಬ್ (ಬೆಸೆಯಲು ಲೋಹದ ಪಟ್ಟಿ) ಇರುವ ಸೆಲ್ ತಂದು ವೈರು ಬೆಸೆಯಿರಿ. ನೆಲದಲ್ಲಿ ಅಳೆದ ಒತ್ತಡವನ್ನು ಫ್ಲ್ಯಾಶ್ ಮೆಮೊರಿಗೆ ಬರೆದಿಡಿ. ಜಂಪರ್ ವೈರುಗಳು ಪ್ರಯೋಗಾಲಯಕ್ಕಷ್ಟೇ ಸರಿ.

ಸೆನ್ಸರ್, ರೇಡಿಯೊ

ಒತ್ತಡ ಅಳೆಯುವ ಬಿಎಂಪಿ280 ಸೆನ್ಸರಿನ ಲೈಬ್ರರಿಯಲ್ಲಿ (ಸಿದ್ಧ ಕೋಡ್) ಸಮುದ್ರಮಟ್ಟದ ಒತ್ತಡವಾದ 1013.25 ಹೆಕ್ಟೊಪ್ಯಾಸ್ಕಲ್ ಹಾಗೇ ಬಿಟ್ಟರೆ ದಾವಣಗೆರೆಯ ನೆಲದ ಮೇಲೇ ಸುಮಾರು 600 ಮೀಟರ್ ತೋರಿಸುತ್ತದೆ. ಅದು ಸಮುದ್ರಮಟ್ಟದಿಂದ ಎತ್ತರ, ತಪ್ಪಲ್ಲ. ನಿಮಗೆ ಬೇಕಾದ್ದು ಅದಲ್ಲ, ನೆಲದಿಂದ ಎತ್ತರ ಅಷ್ಟೆ. ಇಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಹತ್ತಿರಹತ್ತಿರ 9 ಮೀಟರ್ ಏರಿದಂತೆ. ಕವಚದ ಸುತ್ತ 3 ಮಿ.ಮೀ.ಯ ನಾಲ್ಕು ತೂತು ಕೊರೆಯಿರಿ, ಒಂದೇ ತೂತಾದರೆ ಗಾಳಿಯ ಹೊಡೆತವನ್ನೂ ಅಳೆಯುತ್ತದೆ.

ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಮಾಹಿತಿ ಕಳಿಸುವ ಲೋರಾ ರೇಡಿಯೊ ಕೊಳ್ಳುವಾಗ 865–867 ಮೆಗಾಹರ್ಟ್ಸ್‌ನದ್ದೇ ಕೇಳಿ. ನಮ್ಮಲ್ಲಿ ನಿಗದಿತ ಶಕ್ತಿಮಿತಿಯೊಳಗೆ ಅದಕ್ಕೆ ಲೈಸೆನ್ಸ್ ಬೇಡ. ಸುಮಾರು 82 ಮಿ.ಮೀ. ತಂತಿಯೇ ಆಂಟೆನಾ. ಅದಿಲ್ಲದೆ ಪ್ರಸಾರ ಶುರು ಮಾಡಿದರೆ ಮಾಡ್ಯೂಲ್ ಸುಡಬಹುದು. ಎಸ್‌ಡಿ ಕಾರ್ಡ್‌ಗೂ ಬರೆಯುತ್ತಿರಿ, ಸೆಕೆಂಡಿಗೊಮ್ಮೆ ಫ್ಲಶ್ ಮಾಡಿ (ಬರೆದದ್ದು ಕಾರ್ಡಿನಲ್ಲಿ ಉಳಿಯುವಂತೆ).

ಪ್ಯಾರಾಚೂಟ್

350 ಗ್ರಾಂ ತೂಕ ಸೆಕೆಂಡಿಗೆ 8 ಮೀಟರ್‌ನಂತೆ ಇಳಿಯಲು ಸುಮಾರು 40 ಸೆಂ.ಮೀ. ವ್ಯಾಸದ ಬಟ್ಟೆ ಸಾಕು. 5 ಮೀಟರ್‌ಗೆ ಇಳಿಸಬೇಕೆಂದರೆ 64 ಸೆಂ.ಮೀ. ಬೇಕು. ಛತ್ರಿಯ ನೈಲಾನ್ ಬಟ್ಟೆ ನಡೆಯುತ್ತದೆ. ನಡುವೆ 4–6 ಸೆಂ.ಮೀ. ತೂತು ಇಲ್ಲದಿದ್ದರೆ ಡಬ್ಬಿ ಓಲಾಡುತ್ತದೆ. ಹಗ್ಗಗಳು ವ್ಯಾಸಕ್ಕಿಂತ ಉದ್ದವಿರಲಿ; ಬುಡಕ್ಕೆ ಮೀನುಗಾಳದ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿದರೆ ಗೋಜಲಾಗದು.

ದೊಡ್ಡ ಪ್ಯಾರಾಚೂಟ್ ಒಳ್ಳೆಯದೆನಿಸಬಹುದು. ಆದರೆ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ, 100 ಮೀಟರ್‌ನಿಂದ ಬಿಟ್ಟ ಚಿಕ್ಕದು 60 ಮೀಟರ್ ದೂರ ಬೀಳುತ್ತದೆ, ದೊಡ್ಡದು 100 ಮೀಟರ್. ಗಾಳಿಯಂತ್ರಗಳು ಸಾಲಾಗಿ ನಿಂತಿರುವ ಚಿತ್ರದುರ್ಗದಲ್ಲಿ ಚಿಕ್ಕದನ್ನೇ ಆರಿಸಿ, ಬೆಳಗಿನ ಹೊತ್ತೇ ಬಿಡಿ.

ಬಿಡುವ ದಿನ

ಹಿಂದಿನ ದಿನವೇ ಡಬ್ಬಿಯನ್ನು ಹಿಗ್ಗದ ಹಗ್ಗಕ್ಕೆ ಕಟ್ಟಿ 60 ಸೆಂ.ಮೀ. ಎತ್ತರದಿಂದ ಜಗ್ಗುವಂತೆ ಬಿಟ್ಟು ನೋಡಿ; ರೀಸೆಟ್ ಆದರೆ ಕೆಲಸ ಬಾಕಿಯಿದೆ. ಡ್ರೋನ್‌ಗೆ ನೋಂದಣಿ ಇರಬೇಕು. ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ಹಸಿರು ವಲಯವಾದರೆ 400 ಅಡಿವರೆಗೆ ಪ್ರತ್ಯೇಕ ಅನುಮತಿ ಬೇಡ. ಚಳ್ಳಕೆರೆ ಕಡೆ ಡಿಆರ್‌ಡಿಒ ಪರೀಕ್ಷಾ ವಲಯವಿದೆ, ಅಲ್ಲಿ ನಕ್ಷೆ ನೋಡದೆ ಹಾರಿಸಲೇಬೇಡಿ.

ಮೆಕ್ಕೆಜೋಳ ಆಳೆತ್ತರ ಬೆಳೆದಾಗ ಡಬ್ಬಿ ಸಿಗುವುದು ಕಷ್ಟ, ಹೊಲದವರ ಬೈಗುಳ ಬೇರೆ. ಕಟಾವಿನ ಬಳಿಕ, ಅವರನ್ನು ಕೇಳಿಯೇ ಇಳಿಸಿ. ಬಟ್ಟೆ ಕಿತ್ತಳೆ ಬಣ್ಣದ್ದಿರಲಿ. ಎತ್ತರ 10 ಸೆಕೆಂಡ್ ಬದಲಾಗದಿದ್ದರೆ ಬಜರ್ ಕೂಗುವಂತೆ ಕೋಡ್ ಬರೆಯಿರಿ. ಡ್ರೋನ್ ಒಂದೇ ಕಡೆ ನಿಂತಾಗಲೇ ಅದು ಕೂಗಿಬಿಡದಂತೆ, ಎತ್ತರ 20 ಮೀಟರ್‌ಗಿಂತ ಕಡಿಮೆ ಎಂಬ ಷರತ್ತನ್ನೂ ಸೇರಿಸಿ.