ಮಳೆ ಬಿಟ್ಟ ದಿನಗಳನ್ನು ಎಣಿಸಲು ಕಲಿತೆ

ದಾವಣಗೆರೆ ಕಡೆ ನಮ್ಮದು ನಾಲ್ಕು ಎಕರೆ ಮೆಕ್ಕೆಜೋಳ. 2018ರ ಮುಂಗಾರಿನಲ್ಲಿ ಸುಳಿಯೊಳಗೆ ಮರದ ಹೊಟ್ಟಿನಂಥ ಲದ್ದಿ ಕಂಡಾಗ ಕಾಂಡ ಕೊರೆಯುವ ಹುಳು ಅಂದುಕೊಂಡೆ. ಹಿಡಿದು ನೋಡಿದರೆ ಹಣೆ ಮೇಲೆ ತಲೆಕೆಳಗಾದ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಸೈನಿಕ ಹುಳು! ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ಅದೇ ವರ್ಷ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ.

ಅಂಗಡಿಯವರು ಹೇಳಿದಂತೆ ಬಿತ್ತಿದ 30ನೇ ದಿನಕ್ಕೆ ಔಷಧಿ ಹೊಡೆದೆ. ಅಷ್ಟರಲ್ಲಿ ಹುಳು ಬಲಿತು ಸುಳಿಯ ಆಳಕ್ಕೆ ಇಳಿದಿತ್ತು. ಮೇಲೆ ಲದ್ದಿಯೇ ಬಿರಡೆ ಹಾಕಿದ ಹಾಗೆ ಕೂತಿತ್ತು. ಔಷಧಿ ಒಳಗೆ ಹೋಗಲೇ ಇಲ್ಲ. ಆ ಸಲದ ಬೆಳೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮರುವರ್ಷ ಎಕರೆಗೆ ಐದರಂತೆ ಮೋಹಕ ಬಲೆ ಕಟ್ಟಿದೆ; ಹೆಣ್ಣಿನ ವಾಸನೆಯ ಆಮಿಷಕ್ಕೆ ಈ ಹುಳುವಿನ ಗಂಡು ಪತಂಗ ಬಂದು ಅದರಲ್ಲಿ ಬೀಳುತ್ತದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾ ಮೂರೇ ವಿಷಯ ಬರೆದೆ: ಮಳೆ, ಬಿಸಿಲು, ಬಲೆಗೆ ಬಿದ್ದ ಪತಂಗ. ಎರಡು ಹಂಗಾಮು ಕಳೆದ ಮೇಲೆ ಲೆಕ್ಕ ಸ್ಪಷ್ಟವಾಯಿತು. ಹುಳು ಯಾವಾಗ ಏಳುತ್ತದೆಂದು ಬಿತ್ತಿದ ದಿನದಿಂದ ಎಣಿಸಿದರೆ ಪ್ರಯೋಜನವಿಲ್ಲ, ಮಳೆ ಬಿಟ್ಟ ದಿನದಿಂದ ಎಣಿಸಬೇಕು. ಹೊಡೆತದ ಮಳೆ ಬಂದರೆ ಸುಳಿಯಲ್ಲಿ ನೀರು ನಿಂತು ಮರಿಗಳು ಸಾಯುತ್ತವೆ. ಜುಲೈನಲ್ಲಿ ಮಳೆ ಕೈಕೊಟ್ಟು ಬಿಸಿಲು ಬಿದ್ದರೆ ಹುಳುವಿಗೆ ಸುಗ್ಗಿ.

ಹುಳುವಿನ ಮೈಗೆ ತನ್ನದೇ ಬಿಸಿ ಇಲ್ಲ, ಹೊರಗಿನ ಬಿಸಿಯೇ ಅದರ ಗಡಿಯಾರ. ಸುಮಾರು 28 ಡಿಗ್ರಿ ಇದ್ದರೆ ಮೊಟ್ಟೆ ಪತಂಗವಾಗಲು ತಿಂಗಳು ಸಾಕು. ಚಳಿಯಲ್ಲಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಇನ್ನೊಂದು ಮಾತು: ಚಳಿಗಾಲ ಕಳೆಯಲು ನಿದ್ದೆ ಹೋಗುವ ಗುಣ ಇದಕ್ಕಿಲ್ಲ. ಅಮೆರಿಕದಲ್ಲಿ ಹಿಮ ಬೀಳುವ ಕಡೆ ಸತ್ತುಹೋಗಿ, ಮರುವರ್ಷ ಫ್ಲಾರಿಡಾ, ಟೆಕ್ಸಾಸಿನ ದಕ್ಷಿಣದಿಂದ ಮತ್ತೆ ಹಾರಿ ಬರುತ್ತದೆ. ಚಳಿಗಾಲ ಬೆಚ್ಚಗಾದಷ್ಟೂ ಅದು ವರ್ಷವಿಡೀ ನೆಲೆ ನಿಲ್ಲುವ ಜಾಗ ಜಾಸ್ತಿಯಾಗಬಹುದು. ನಮ್ಮಲ್ಲಂತೂ ಅದನ್ನು ಕೊಲ್ಲುವಷ್ಟು ಚಳಿ ಇಲ್ಲವೇ ಇಲ್ಲ, ಅಲ್ವಾ?

ಈಗ ಮೊದಲ ಹದ ಮಳೆಗೇ ಅಕ್ಕಪಕ್ಕದವರೆಲ್ಲ ಒಟ್ಟಿಗೆ ಬಿತ್ತುತ್ತೇವೆ. ತಡವಾಗಿ ಬಿತ್ತಿದವರ ಎಳೆ ಪೈರಿಗೆ ಊರಿನ ಹುಳುವೆಲ್ಲ ಮುತ್ತುತ್ತದೆ. ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತೇನೆ. ಮೊಳಕೆ ಬಂದ ಮೇಲೆ ವಾರಕ್ಕೆರಡು ಸಲ, ಮಳೆ ಬಿಟ್ಟರೆ ದಿನ ಬಿಟ್ಟು ದಿನ, ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡುತ್ತೇನೆ. ಎಲೆ ಮೇಲೆ ಕೂದಲು ಮುಚ್ಚಿದ ಮೊಟ್ಟೆಗುಂಪು ಕಂಡರೆ ಅಲ್ಲೇ ಹಿಸುಕುತ್ತೇನೆ. ನೂರರಲ್ಲಿ ಐದು ಗಿಡಕ್ಕೆ ಕೆರೆದ ಗುರುತು ಬಂದರೆ 1500 ಪಿಪಿಎಂನ (ಅದರಲ್ಲಿರುವ ಬೇವಿನ ಸಾರದ ಅಳತೆ) ಬೇವಿನ ಔಷಧಿಯನ್ನು ಲೀಟರಿಗೆ 5 ಮಿ.ಲೀ. ಬೆರೆಸಿ, ಸಂಜೆ ಹೊತ್ತು ಸುಳಿಗೇ ಬೀಳುವಂತೆ ಹೊಡೆಯುತ್ತೇನೆ. ಮರಿ ಸಣ್ಣದಿದ್ದಾಗ ಅಷ್ಟೇ ಸಾಕಾಗುತ್ತದೆ.

ಮೊದಲೆಲ್ಲ ಕಟಾವು ಮುಗಿದ ಮೇಲೆ ಬಲೆ ಕಳಚಿಡುತ್ತಿದ್ದೆ. ಆದರೆ ಬೋರ್‌ವೆಲ್ ನೀರಿನಲ್ಲಿ ಮೇವಿನ ಜೋಳ ಬೆಳೆಯುವ ಹೊಲಗಳಲ್ಲಿ ಬೇಸಿಗೆಯಲ್ಲೂ ಅದಕ್ಕೆ ಊಟ ಸಿಗುತ್ತದೆ. ಹಾಗಾಗಿ ಒಂದು ಬಲೆ ನಮ್ಮ ಮೇವಿನ ಮಡಿಯ ಬದುವಿನಲ್ಲಿ ವರ್ಷಪೂರ್ತಿ ಇರುತ್ತದೆ. ಹೋದ ಜನವರಿಯಲ್ಲೂ ಅದರಲ್ಲಿ ಪತಂಗ ಬಿದ್ದಿತ್ತು.