ಹೇಳಿದ್ದು ತಲುಪಿತಾ? ಪ್ರಾಜೆಕ್ಟ್ ತಂಡದಲ್ಲಿ ನನ್ನ ಅನುಭವ

ಕೊನೆಯ ವರ್ಷದ ಪ್ರಾಜೆಕ್ಟ್ ಜೊತೆಗೆ ನಮ್ಮಿಂದ ಒಂದು ಸಣ್ಣ ವರದಿಯನ್ನೂ ಕೇಳಿದ್ದರು. ತಂಡದಲ್ಲಿ ಹೇಗೆ ಕೆಲಸ ಮಾಡಿದಿರಿ, ಮಾತುಕತೆಯಲ್ಲಿ ಏನೇನು ಸುಧಾರಿಸಿಕೊಂಡಿರಿ, ನೀವೇ ಬರೆದುಕೊಡಿ ಅಂತ. ಇಂಥ ವರದಿಗಳು ಹೇಗಿರುತ್ತವೆ ಅನ್ನೋದು ಎಲ್ಲರಿಗೂ ಗೊತ್ತು. ‘ಹೊಂದಾಣಿಕೆಯಿಂದ ಕೆಲಸ ಮಾಡುವುದನ್ನು ಕಲಿತೆ, ಸಂವಹನ ಕೌಶಲ ಹೆಚ್ಚಿತು’ ಅಂತ ಕೊನೆಯ ರಾತ್ರಿ ಕೂತು ಗೀಚಿ ಮುಗಿಸುವುದು. ನಾನು ಪ್ರಾಜೆಕ್ಟ್ ಶುರುವಾದ ವಾರದಿಂದಲೇ ಬರೆಯುತ್ತಾ ಹೋದೆ. ಒಳ್ಳೆ ಹುಡುಗಿ ಅನ್ನಿಸಿಕೊಳ್ಳೋ ಆಸೆಯೇನೂ ಇರಲಿಲ್ಲ. ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಅದಕ್ಕೆ ಕಾರಣವೂ ಉಂಟು. 1979ರಲ್ಲಿ ಮೈಕೇಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆಲಸದಲ್ಲಿ ನಿಮ್ಮ ಪಾಲು ಎಷ್ಟು ಅಂತ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೇಳಿದ್ದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಮೊತ್ತ ಪೂರ್ತಿಗಿಂತ ಜಾಸ್ತಿ! ಯಾರೂ ಬೇಕಂತಲೇ ಸುಳ್ಳು ಹೇಳಿರಲಿಲ್ಲ. ತಾನು ಮಾಡಿದ್ದು ತನಗೆ ಬೇಗ ನೆನಪಾಗುತ್ತೆ, ಅಷ್ಟೇ. ನಮ್ಮ ನಾಲ್ವರ ತಂಡದಲ್ಲೂ ಇದನ್ನು ಆಡಿ ನೋಡಿದೆವು. ಒಂದೊಂದು ಚೀಟಿ ತಗೊಂಡು ‘ಈ ಪ್ರಾಜೆಕ್ಟ್‌ನಲ್ಲಿ ನನ್ನ ಕೆಲಸ ಶೇಕಡಾ ಇಷ್ಟು’ ಅಂತ ಬರೆದೆವು. ಕೂಡಿಸಿದರೆ ನೂರನ್ನು ಆರಾಮಾಗಿ ದಾಟಿತ್ತು. ಎಲ್ಲರೂ ನಕ್ಕೆವು. ಆದರೆ ‘ಎಲ್ಲಾ ನಾನೇ ಮಾಡ್ತಿದ್ದೀನಿ’ ಅಂತ ಒಳಗೊಳಗೇ ಗೊಣಗೋದು ಅವತ್ತಿನಿಂದ ಎಷ್ಟೋ ಕಡಿಮೆಯಾಯಿತು.

ನನ್ನ ಪುಸ್ತಕದಲ್ಲಿ ಎರಡೇ ಕಾಲಂ. ಎಡಗಡೆ ಯಾರೋ ಆಡಿದ ಒಂದು ಮಾತು, ಆಡಿದ ಹಾಗೇ. ಬಲಗಡೆ ಆ ಮಾತಿನಿಂದ ಮುಂದೆ ಏನಾಯಿತು. ‘ಇವತ್ತು ಮೀಟಿಂಗ್ ಚೆನ್ನಾಗಿತ್ತು’ ಅನ್ನೋ ಥರದ ಸಾಲು ಬರೆಯುವಂತಿಲ್ಲ, ಅದು ನಾನೇ ಹಾಕಿಕೊಂಡ ನಿಯಮ. ಹೀಗೆ ಅವಲೋಕನ ಮಾಡೋಕೆ ಗ್ರಹಾಂ ಗಿಬ್ಸ್ ಅನ್ನೋ ಶಿಕ್ಷಣ ತಜ್ಞರು 1988ರಲ್ಲಿ ಆರು ಹಂತ ಕೊಟ್ಟಿದ್ದಾರೆ: ಏನಾಯಿತು, ಏನನ್ನಿಸಿತು, ಏನು ಸರಿ ಏನು ತಪ್ಪು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡ್ತೀನಿ. ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾರೆ. ದಿನಾ ಆರೂ ತುಂಬೋದು ಯಾರಿಂದಲೂ ಆಗಲ್ಲ. ನಾನು ಮೊದಲನೆಯದು ಮತ್ತು ಕೊನೆಯದನ್ನು ದಿನಾ ಬರೆದೆ, ಉಳಿದದ್ದನ್ನು ಬಿಡುವಾದಾಗ. ‘ಏನನ್ನಿಸಿತು’ ಅನ್ನೋದನ್ನು ಹುಡುಗರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗೆ ಅದು ಒಂದು ವಿಷಯದಲ್ಲಿ ಉಪಯೋಗಕ್ಕೆ ಬಂತು. ‘ರೇಗಿತು’ ಅಂತ ಬರೆದ ದಿನಗಳನ್ನು ಒಟ್ಟಿಗೆ ಓದಿದರೆ, ರೇಗಿದ್ದು ಮನುಷ್ಯರ ಮೇಲಲ್ಲ, ಯಾರು ಏನು ಮಾಡಬೇಕು ಅಂತ ಸ್ಪಷ್ಟವಾಗದ ದಿನಗಳಲ್ಲಿ ಅಂತ ಕಾಣಿಸಿತು.

ಇನ್ನು ಪ್ರಾಜೆಕ್ಟ್ ವಿಷಯ. ಗ್ರಂಥಾಲಯದಲ್ಲಿ ಯಾವ ಕುರ್ಚಿ ಖಾಲಿ ಇದೆ ಅಂತ ಮೊಬೈಲ್‌ನಲ್ಲಿ ತೋರಿಸೋ ಆ್ಯಪ್. ಯಾರಾದರೂ ಕೂತಿದ್ದಾರಾ ಅಂತ ಗುರುತಿಸೋ ಕುರ್ಚಿಯ ಸೆನ್ಸರ್ ಒಬ್ಬ ನೋಡಿಕೊಂಡ, ಆ ಮಾಹಿತಿ ಕೂಡಿಡೋ ಡೇಟಾಬೇಸ್ ಒಬ್ಬಳು, ನಾನು ಮೊಬೈಲ್ ಸ್ಕ್ರೀನ್, ನಾಲ್ಕನೆಯವನು ಆ್ಯಪ್ ಪರೀಕ್ಷಿಸೋದು ಮತ್ತು ದಾಖಲೆ ಬರೆಯೋದು. ಸೆನ್ಸರ್ ಹುಡುಗ ಗ್ರೂಪ್‌ನಲ್ಲಿ ಹಾಕಿದ್ದು ಒಂದೇ ಸಾಲು: ‘ಸೀಟ್ ಸ್ಟೇಟಸ್ 1 ಅಥವಾ 0 ಬರುತ್ತೆ.’ ನಾವೆಲ್ಲ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ಮುಂದಕ್ಕೆ ಹೋದೆವು. ಎಲ್ಲವನ್ನೂ ಜೋಡಿಸಿ ಮೊದಲ ಸಲ ಓಡಿಸಿದಾಗ ಕೋಣೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಆ್ಯಪ್ ಮಾತ್ರ ಎಲ್ಲಾ ಕುರ್ಚಿಯೂ ಭರ್ತಿ ಅಂತ ಕೆಂಪಗೆ ತೋರಿಸುತ್ತಿದೆ. ಅವನ ಲೆಕ್ಕದಲ್ಲಿ 1 ಅಂದರೆ ಯಾರೋ ಕೂತಿದ್ದಾರೆ. ಸ್ಕ್ರೀನ್ ಕಡೆ 1 ಅಂದರೆ ಸೀಟು ಲಭ್ಯ.

ಕೋಡ್ ಸರಿಮಾಡೋದು ಕ್ಷಣದ ಕೆಲಸ. ಸಮಯ ತಿಂದಿದ್ದು ‘ನಾನು ಹೇಳಿದ್ದೆ’, ‘ನೀನು ಹೇಳಲೇ ಇಲ್ಲ’ ಅನ್ನೋ ಜಗಳ. ಗ್ರೂಪ್ ತೆರೆದು ನೋಡಿದರೆ ಇಬ್ಬರೂ ಸರಿ. ಅವನು ಹೇಳಿದ್ದ, ಆದರೆ ನನಗೆ ಬೇಕಾದ್ದನ್ನು ಹೇಳಿರಲಿಲ್ಲ. ಇಂಥದ್ದು ನಮ್ಮಂಥ ಹುಡುಗರಿಗೆ ಮಾತ್ರ ಆಗುತ್ತೆ ಅಂದುಕೊಳ್ಳಬೇಡಿ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹದವರೆಗೆ ಹೋಗಿ ನಾಶವಾಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್-ಫೋರ್ಸ್ ಸೆಕೆಂಡ್ ಅನ್ನೋ ಬ್ರಿಟಿಷ್ ಪದ್ಧತಿಯ ಅಳತೆಯಲ್ಲಿ ಅಂಕಿ ಕೊಡುತ್ತಿತ್ತು, ಇನ್ನೊಂದು ಅದನ್ನೇ ಮೆಟ್ರಿಕ್ ಪದ್ಧತಿಯ ನ್ಯೂಟನ್ ಸೆಕೆಂಡ್ ಅಂತ ಓದುತ್ತಿತ್ತು. ಅಂಕಿ ತಲುಪಿತ್ತು, ಅದರ ಅರ್ಥ ತಲುಪಿರಲಿಲ್ಲ.

ಹೇಳುವವರಿಗೆ ಇದು ಯಾಕೆ ಗೊತ್ತಾಗೋದಿಲ್ಲ? 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ಸಂಶೋಧಕಿ ಇದನ್ನು ಸೊಗಸಾಗಿ ತೋರಿಸಿದರು. ಒಬ್ಬರು ಎಲ್ಲರಿಗೂ ಗೊತ್ತಿರೋ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗಿರುವವರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ಕುಟ್ಟುವವರ ಅಂದಾಜು. ಗುರುತಿಸಿದ್ದು 120ರಲ್ಲಿ 3. ಕುಟ್ಟುವವರ ತಲೆಯೊಳಗೆ ಪೂರ್ತಿ ಹಾಡು ಓಡುತ್ತಿರುತ್ತೆ, ಕೇಳುವವರಿಗೆ ಬರೀ ಟಕ್ ಟಕ್. ನೀವೂ ಗೆಳೆಯರ ಜೊತೆ ಮಾಡಿ ನೋಡಿ, ಐದು ನಿಮಿಷ ಸಾಕು. ನಾನು ಕುಟ್ಟಿದಾಗ ‘ಇಷ್ಟೂ ಗೊತ್ತಾಗಲ್ವಾ ಇವರಿಗೆ’ ಅನ್ನಿಸಿತು. ಅವರು ಕುಟ್ಟಿದಾಗ ನನಗೂ ಒಂದೂ ಗೊತ್ತಾಗಲಿಲ್ಲ.

ಆಮೇಲೆ ನಾನು ಹಿಡಿದ ಅಭ್ಯಾಸ ವಿಮಾನದವರದ್ದು. ಎಷ್ಟು ಎತ್ತರಕ್ಕೆ ಏರಬೇಕು, ಯಾವ ರನ್‌ವೇ ಅಂತ ನಿಯಂತ್ರಣ ಕೇಂದ್ರದವರು ಹೇಳಿದಾಗ ಪೈಲಟ್ ‘ಸರಿ’ ಅಂದು ಸುಮ್ಮನಾಗುವಂತಿಲ್ಲ. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಅದು ಸರಿಯಿದೆಯಾ ಅಂತ ಆ ಕಡೆಯವರು ಗಮನವಿಟ್ಟು ಕೇಳಬೇಕು. ನಾನೂ ಹಾಗೇ ಶುರು ಮಾಡಿದೆ. ‘ನನಗೆ ಅರ್ಥ ಆಗಿದ್ದು ಹೀಗೆ... ಸರಿನಾ?’ ಮೊದಮೊದಲು ಗೆಳೆಯರು ರೇಗಿಸಿದರು, ‘ಏನಮ್ಮಾ, ಪಾಠ ಒಪ್ಪಿಸ್ತಿದ್ದೀಯಾ’ ಅಂತ. ಎದುರಿನವರಿಗೆ ‘ನಾನು ಹೇಳಿದ್ದು ತಿರುಗಿ ಹೇಳು’ ಅಂದರೆ ಮಾತ್ರ ಕೆಲಸ ಕೆಡುತ್ತೆ, ಪರೀಕ್ಷೆ ಮಾಡಿದ ಹಾಗೆ ಆಗುತ್ತೆ. ‘ನಾನು ಸರಿಯಾಗಿ ಹೇಳಿದ್ನೋ ಇಲ್ವೋ, ಒಂದ್ಸಲ ನೋಡೋಣ’ ಅಂದರೆ ಯಾರಿಗೂ ಬೇಜಾರಿಲ್ಲ.

ಇನ್ನೊಂದು, ಎರಡು ಜನರ ಕೆಲಸ ಕೂಡುವ ಜಾಗದಲ್ಲೆಲ್ಲ ಉದಾಹರಣೆ ಸಮೇತ ಬರೆದಿಡೋದು. ಸೀಟಿನ ವಿಷಯಕ್ಕೆ ನಾವು ಬರೆದದ್ದು ಇಷ್ಟು: ‘ಕುರ್ಚಿ 14, ಯಾರೋ ಕೂತಿದ್ದಾರೆ, 1. ಕುರ್ಚಿ 14, ಯಾರೂ ಇಲ್ಲ, 0.’ ಬರೆಯುತ್ತಿದ್ದ ಹಾಗೆ ನಾಲ್ಕನೆಯವನು ಕೇಳಿದ, ‘ಸೆನ್ಸರ್ ಬ್ಯಾಟರಿ ಮುಗಿದ್ರೆ ಏನು ಬರುತ್ತೆ?’ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅದಕ್ಕೊಂದು ಮೂರನೇ ಅಂಕಿ, ಸ್ಕ್ರೀನಿನಲ್ಲಿ ಬೂದು ಬಣ್ಣ. ಬಾಯಿಮಾತಿನಲ್ಲೇ ಮುಗಿಸಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಆ ನಾಲ್ಕನೆಯವನ ಬಗ್ಗೆ ಸ್ವಲ್ಪ ಹೇಳಬೇಕು. ಮೀಟಿಂಗ್‌ಗಳಲ್ಲಿ ಅವನು ಬಾಯಿ ಬಿಡುತ್ತಿರಲಿಲ್ಲ. ನಾನೂ ಸೆನ್ಸರ್ ಹುಡುಗನೂ ಮಾತಿಗೆ ನಿಂತರೆ ಬೇರೆಯವರಿಗೆ ಸಂದಿ ಸಿಗೋದು ಕಷ್ಟ. ಅನಿತಾ ವುಲೀ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಷಯ ಕಂಡಿತ್ತು. ಒಂದಿಬ್ಬರೇ ಮಾತಾಡುವ ಗುಂಪುಗಳಿಗಿಂತ ಎಲ್ಲರಿಗೂ ಸರದಿ ಸಿಗುವ ಗುಂಪುಗಳು ಬೇರೆ ಬೇರೆ ಕೆಲಸಗಳನ್ನು ಚೆನ್ನಾಗಿ ಮಾಡಿದ್ದವು. ಗುಂಪಿನಲ್ಲಿ ಎಷ್ಟು ಬುದ್ಧಿವಂತರಿದ್ದಾರೆ ಅನ್ನೋದರಿಂದ ಗುಂಪು ಹೇಗೆ ಕೆಲಸ ಮಾಡುತ್ತೆ ಅಂತ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಹಾಗಂತ ‘ನೀನೂ ಏನಾದ್ರೂ ಹೇಳೋ’ ಅಂತ ಸುಮ್ಮನಿರುವವರನ್ನು ಎಲ್ಲರ ಮುಂದೆ ಕೇಳಿದರೆ ಅವರು ಇನ್ನಷ್ಟು ಮುದುಡುತ್ತಾರೆ. ನಾವು ಮಾಡಿದ್ದು ಬೇರೆ. ಚರ್ಚೆಗೆ ಮೊದಲು ಐದು ನಿಮಿಷ ಯಾರೂ ಮಾತಾಡದೆ ತಮ್ಮ ತಮ್ಮ ಯೋಚನೆ ಹಾಳೆಯಲ್ಲಿ ಬರೆಯೋದು, ಆಮೇಲೆ ಒಬ್ಬೊಬ್ಬರಾಗಿ ಓದೋದು. ಇದಕ್ಕೂ ಹಳೇ ಆಧಾರ ಇದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ನೋಡಿದಾಗ, ಗುಂಪಾಗಿ ಕೂತು ಯೋಚಿಸಿದವರಿಗಿಂತ ಒಂಟಿಯಾಗಿ ಯೋಚಿಸಿ ಆಮೇಲೆ ಒಟ್ಟುಗೂಡಿಸಿದಾಗಲೇ ಐಡಿಯಾಗಳು ಜಾಸ್ತಿ ಬಂದಿದ್ದವು. ನಮ್ಮ ನಾಲ್ಕನೆಯವನ ಹಾಳೆ ಯಾವಾಗಲೂ ತುಂಬಿರುತ್ತಿತ್ತು. ಬ್ಯಾಗ್ ಇಟ್ಟು ಎದ್ದು ಹೋದವರ ಕುರ್ಚಿ ಖಾಲಿ ಅಂತ ಎಣಿಸಬೇಕಾ ಅನ್ನೋ ಪ್ರಶ್ನೆ ಅವನದೇ. ಆ್ಯಪ್‌ನ ಅತಿ ದೊಡ್ಡ ತಲೆನೋವು ಅದೇ ಆಗಿತ್ತು.

ಮಾತು ಸುಧಾರಿಸಬೇಕು ಅಂದರೆ ಧೈರ್ಯ, ಕಣ್ಣಲ್ಲಿ ಕಣ್ಣಿಟ್ಟು ನೋಡೋದು, ಕೈ ಆಡಿಸೋದು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ವೇದಿಕೆಗೆ ಅದು ಸರಿ. ನಾನೂ ನನ್ನ ಪ್ರೆಸೆಂಟೇಶನ್‌ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ಸಾಲು ಸಾಲಿಗೂ ಬರುತ್ತಿದ್ದ ‘ಅಂದ್ರೆ’ಗಳನ್ನು ಕಿತ್ತೆ. ಆದರೆ ತಂಡದ ಕೆಲಸ ನಿಂತುಹೋಗೋದು ವೇದಿಕೆಯ ಮೇಲಲ್ಲ ಅಲ್ವಾ.

ಅದು ನಿಂತುಹೋಗೋದು ‘ಎಲ್ಲರೂ ಸೇರಿ ಮಾಡೋಣ’ ಅಂತ ಎದ್ದು ಹೋದ ಮೇಲೆ. ಮ್ಯಾಕ್ಸ್ ರಿಂಗೆಲ್ಮನ್ ಅನ್ನೋ ಫ್ರೆಂಚ್ ಎಂಜಿನಿಯರ್ ಹಗ್ಗ ಎಳೆಸಿ ಅಳತೆ ಮಾಡಿದ್ದು 1913ರಲ್ಲಿ ಪ್ರಕಟವಾಯಿತು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಬಲ, ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿದ್ದದ್ದು ಒಂದು ಕಾರಣ. ಉಳಿದದ್ದು, ಬೇರೆಯವರಿದ್ದಾರಲ್ಲ ಅನ್ನೋ ಸಡಿಲ. ಯಾರು ಎಷ್ಟು ಮಾಡಿದರು ಅಂತ ಗೊತ್ತಾಗುವ ಹಾಗಿದ್ದರೆ ಈ ಸಡಿಲ ಹೋಗುತ್ತೆ ಅಂತ 1981ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ನಾವು ಮೀಟಿಂಗ್ ಮುಗಿಸೋ ಮೊದಲು ಪ್ರತಿ ಕೆಲಸದ ಮುಂದೆ ಒಂದು ಹೆಸರು, ಒಂದು ದಿನ ಬರೆದೆವು. ಎರಡು ಹೆಸರು ಬರೆಯುವಂತಿಲ್ಲ. ಸಹಾಯಕ್ಕೆ ಯಾರು ಬೇಕಾದರೂ ಬರಲಿ, ಕೇಳಿದಾಗ ಉತ್ತರ ಕೊಡೋದು ಒಬ್ಬರು.

ಹೆಸರು ಬರೆದ ಮಾತ್ರಕ್ಕೆ ಕೆಲಸ ಆಗೋದಿಲ್ಲ ಅನ್ನೋದು ಬೇಗ ಗೊತ್ತಾಯಿತು. ಡೇಟಾಬೇಸ್ ಸೋಮವಾರಕ್ಕೆ ಬರಬೇಕಿತ್ತು, ಗುರುವಾರವಾದರೂ ಸುದ್ದಿಯಿಲ್ಲ. ಗ್ರೂಪ್‌ನಲ್ಲಿ ‘ಕೆಲವರು ಸೀರಿಯಸ್ ಆಗಿಲ್ಲ’ ಅಂತ ಹಾಕೋದು ಸುಲಭ. ಹಾಗೆ ಹಾಕಿದರೆ ಎಲ್ಲರಿಗೂ ಚುಚ್ಚುತ್ತೆ, ಕೆಲಸ ಒಂದಿಂಚೂ ಮುಂದಕ್ಕೆ ಹೋಗಲ್ಲ. ಕ್ಲಾಸ್ ಮುಗಿದ ಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡೆ. ಏನು ಹೇಳಬೇಕು ಅಂತ ಮೊದಲೇ ಬರೆದುಕೊಂಡಿದ್ದೆ. ‘ಡೇಟಾಬೇಸ್ ಸೋಮವಾರ ಕೊಡ್ತೀನಿ ಅಂದಿದ್ದೆ, ಇನ್ನೂ ಬಂದಿಲ್ಲ. ಅದಿಲ್ದೆ ನನ್ನ ಸ್ಕ್ರೀನ್ ನಿಂತಿದೆ. ಎಲ್ಲಿ ಸಿಕ್ಕಿಕೊಂಡಿದ್ದೀಯಾ?’ ಅಷ್ಟೇ. ‘ನೀನು ಯಾವಾಗಲೂ ಹೀಗೇ’ ಅನ್ನೋ ಸಾಲನ್ನು ಬರೆದು ಹೊಡೆದು ಹಾಕಿದ್ದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ ಕಣೇ. ಮೀಟಿಂಗ್‌ನಲ್ಲಿ ಆಗುತ್ತೆ ಅಂದ್ಬಿಟ್ಟೆ. ಆಮೇಲೆ ಎಲ್ಲರ ಮುಂದೆ ಹೇಗೆ ಹೇಳೋದು?’ ಅಂದಳು. ಸೋಮಾರಿತನ ಅಂತ ನಾವೆಲ್ಲ ಅಂದುಕೊಂಡಿದ್ದು ಇದು. ಇಬ್ಬರೂ ಕೂತು ಮೊದಲ ಟೇಬಲ್ ಮಾಡಿದೆವು, ಉಳಿದದ್ದನ್ನು ಅವಳೇ ಮಾಡಿದಳು. ಅಲ್ಲಿಂದ ಮುಂದೆ ಕೆಲಸ ಹಂಚುವಾಗ ‘ಇದರಲ್ಲಿ ಮೊದಲು ಏನು ಮಾಡ್ತೀಯಾ?’ ಅಂತಲೂ ಕೇಳುತ್ತಿದ್ದೆವು. ಉತ್ತರ ತೊದಲಿದರೆ ಅಲ್ಲೇ ಗೊತ್ತಾಗುತ್ತೆ.

ಎಲ್ಲಾ ಸಲವೂ ಹೀಗೆ ಸಲೀಸಾಗಿ ಮುಗಿಯಲ್ಲ. ಸೆನ್ಸರ್ ಹುಡುಗನ ಜೊತೆ ಚಾಟ್‌ನಲ್ಲಿ ಶುರುವಾದ ಯಾವ ವಾದವೂ ಚಾಟ್‌ನಲ್ಲಿ ಮುಗಿದದ್ದಿಲ್ಲ. ಎರಡು ಸಂದೇಶಕ್ಕೆ ಬಗೆಹರಿಯದಿದ್ದರೆ ಫೋನ್ ಮಾಡೋದು, ಮಾತಾಡಿದ ಮೇಲೆ ತೀರ್ಮಾನವನ್ನು ಒಂದು ಸಾಲಿನಲ್ಲಿ ಗ್ರೂಪ್‌ಗೆ ಹಾಕೋದು ಅಂತ ಮಾಡಿಕೊಂಡೆವು. ನಮ್ಮ ಸ್ವಭಾವ ಬದಲಾಗಲಿಲ್ಲ, ಜಗಳದ ಹೊತ್ತು ಕಡಿಮೆಯಾಯಿತು.

ನನಗೆ ಈಗಲೂ ಕಷ್ಟ ಅಂದರೆ ದೊಡ್ಡವರ ಹತ್ತಿರ ಸಹಾಯ ಕೇಳೋದು. ಗೆಳೆಯರ ಜೊತೆ ಬರುವ ಮಾತು, ನಮ್ಮ ಪ್ರಾಜೆಕ್ಟ್‌ಗೆ ಗೈಡ್ ಆಗಿರೋ ಮೇಡಂ ಮುಂದೆ ಗಂಟಲಲ್ಲೇ ನಿಲ್ಲುತ್ತೆ. ಅದಕ್ಕೆ ಬರೆದು ಕೇಳುತ್ತೇನೆ. ‘ಮೇಡಂ, ಆ್ಯಪ್ ಓಡ್ತಿಲ್ಲ, ಏನು ಮಾಡೋದು’ ಅಂತ ಕಳಿಸಿದರೆ ಅವರಾದರೂ ಏನು ಹೇಳಿಯಾರು? ಈಗ ಕಳಿಸೋದು ಹೀಗೆ: ‘ಮೇಡಂ, ಒಂದೇ ಸಲಕ್ಕೆ ಹಲವು ಕುರ್ಚಿಗಳ ಮಾಹಿತಿ ಬಂದರೆ ಆ್ಯಪ್ ನಿಲ್ಲುತ್ತಿದೆ. ಒಂದೊಂದಾಗಿ ಬಂದರೆ ತೊಂದರೆ ಇಲ್ಲ. ಡೇಟಾಬೇಸ್ ಬದಲಿಸಿ ನೋಡಿದೆವು, ವ್ಯತ್ಯಾಸವಾಗಲಿಲ್ಲ. ಮಾಹಿತಿಯನ್ನು ಸಾಲಾಗಿ ನಿಲ್ಲಿಸಿ ಕಳಿಸುವುದು ಸರಿಯಾದ ದಾರಿಯೇ, ಹೇಳುತ್ತೀರಾ?’ ಏನಾಗುತ್ತಿದೆ, ಏನು ಮಾಡಿ ನೋಡಿದೆವು, ಅವರಿಂದ ಏನು ಬೇಕು, ಈ ಮೂರೂ ಇದ್ದರೆ ಸಾಕು. ಎಷ್ಟೋ ಸಲ ಎರಡನೆಯದನ್ನು ಬರೆಯುವಾಗಲೇ ‘ಅರೆ, ಇದನ್ನು ಮಾಡಿ ನೋಡೇ ಇಲ್ಲವಲ್ಲ’ ಅಂತ ಹೊಳೆದು, ಸಂದೇಶ ಕಳಿಸುವ ಅಗತ್ಯವೇ ಬೀಳುತ್ತಿರಲಿಲ್ಲ.