ಪೀಚ್ ಹಣ್ಣಿನ ಫ್ರಿಟರ್: ರಸ ಹಿಡಿತಕ್ಕೆ ಬಂದರೆ ಉಳಿದದ್ದು ಸುಲಭ

ಪೀಚ್ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 89 ಪಾಲು ನೀರೇ. ಸೇಬಿನಲ್ಲೂ 85 ಪಾಲಿನಷ್ಟು ನೀರಿದೆ ನಿಜ, ಆದರೆ ಸೇಬು ತನ್ನ ರಸವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮಾಗಿದ ಪೀಚ್ ಹಾಗಲ್ಲ, ಚಾಕು ತಾಗಿದ ಕ್ಷಣದಿಂದಲೇ ಸೋರಲು ಶುರು. ಫ್ರಿಟರ್ ಎಂದರೆ ಹಣ್ಣಿನ ಹೋಳು ಬೆರೆಸಿದ ಹಿಟ್ಟನ್ನು ಎಣ್ಣೆಯಲ್ಲಿ ಬಿಟ್ಟು ಕರಿದ ತಿಂಡಿ. ಸೇಬಿನ ಫ್ರಿಟರ್‌ಗೆ ಬರೆದ ಅಳತೆಯಲ್ಲಿ ಸೇಬು ತೆಗೆದು ಪೀಚ್ ಹಾಕಿದರೆ ಹಿಟ್ಟು ನೋಡನೋಡುತ್ತಲೇ ನೀರಾಗುತ್ತದೆ, ಎಣ್ಣೆಯಲ್ಲಿ ಹರಡಿಕೊಳ್ಳುತ್ತದೆ, ಹೊರಗೆ ಕಪ್ಪಗಾದರೂ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಹಾಗಾಗಿ ನಾನು ಮೊದಲು ಯೋಚಿಸುವುದು ಈ ರಸದ ಬಗ್ಗೆ: ಎಷ್ಟನ್ನು ಹೊರಗೆ ತೆಗೆಯಬೇಕು, ಎಷ್ಟನ್ನು ಹಣ್ಣಿನಲ್ಲೇ ಬಿಡಬೇಕು, ತೆಗೆದದ್ದನ್ನು ಎಲ್ಲಿ ಬಳಸಬೇಕು.

ಹಣ್ಣು ಆರಿಸುವಾಗ ಕೆಂಪು ಬಣ್ಣ ನೋಡಿ ಮೋಸ ಹೋಗಬೇಡಿ. ಆ ಕೆಂಪು ತಳಿಯನ್ನೂ ಬಿಸಿಲನ್ನೂ ಅವಲಂಬಿಸಿದ್ದು, ಮಾಗಿದ್ದಕ್ಕೆ ಗುರುತಲ್ಲ. ಕೆಂಪಿನ ಹಿಂದಿರುವ ತಳಬಣ್ಣ ಹಸಿರು ಬಿಟ್ಟು ಹಳದಿಗೆ ತಿರುಗಿರಬೇಕು, ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಮೆಲ್ಲನೆ ಒತ್ತಿದರೆ ಒಂಚೂರು ಬಗ್ಗಬೇಕು, ಮೂಗಿಗೆ ಹಿಡಿದರೆ ಪರಿಮಳ ಬರಬೇಕು. ಹಾಗೇ ತಿನ್ನಲು ನೀವು ಇಷ್ಟಪಡುವ ಹದಕ್ಕಿಂತ ಒಂದು ದಿನ ಹಿಂದಿನ ಹದ ಫ್ರಿಟರ್‌ಗೆ ಸರಿ. ಪೂರಾ ಮಾಗಿದ ಹಣ್ಣಿನ ಹೋಳು ಕಲಸುವಾಗಲೇ ನುಜ್ಜಾಗುತ್ತದೆ. ಗಟ್ಟಿ ಇದ್ದರೆ ಕಾಗದದ ಚೀಲದಲ್ಲಿಟ್ಟು ಮಡಚಿ ಅಡುಗೆಮನೆಯಲ್ಲೇ ಒಂದರಿಂದ ಮೂರು ದಿನ ಇಡಿ; ಹಣ್ಣು ಬಿಡುವ ಎಥಿಲೀನ್ ಅನಿಲ ಚೀಲದಲ್ಲೇ ಉಳಿದು ಮಾಗುವಿಕೆಯನ್ನು ಚುರುಕುಗೊಳಿಸುತ್ತದೆ. ಗಟ್ಟಿ ಹಣ್ಣನ್ನು ದಿನಗಟ್ಟಲೆ ಫ್ರಿಜ್‌ನಲ್ಲಿ ಇಡುವುದು ಮಾತ್ರ ಬೇಡ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಪೀಚ್‌ನ ತಿರುಳು ಕೆಡುತ್ತದೆ, ಆಮೇಲೆ ಹೊರಗಿಟ್ಟರೂ ರಸವಿಲ್ಲದೆ ಹಿಟ್ಟುಹಿಟ್ಟಾಗಿಯೇ ಮೆತ್ತಗಾಗುತ್ತದೆ. ಗೊರಟಿನಿಂದ ತಿರುಳು ಸಲೀಸಾಗಿ ಬಿಡುವ ತಳಿ ಸಿಕ್ಕರೆ ಅರ್ಧ ಕೆಲಸ ಉಳಿಯಿತು. ಅಂಟಿಕೊಂಡ ತಳಿಯಾದರೆ ಹಣ್ಣನ್ನು ಎರಡು ಹೋಳಾಗಿ ತಿರುಚಲು ಹೋಗಬೇಡಿ, ಗೊರಟಿನ ಸುತ್ತ ನಾಲ್ಕು ಕಡೆಯಿಂದ ಕೊಯ್ದು ತೆಗೆಯಿರಿ.

ಸಿಪ್ಪೆ ತೆಗೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಬಿಸಿಗೆ ಸಿಪ್ಪೆ ತಿರುಳಿನಿಂದ ಬಿಟ್ಟು ಸುರುಳಿಯಾಗುತ್ತದೆ, ಮೆತ್ತನೆಯ ತುತ್ತಿನ ನಡುವೆ ಅದೊಂದೇ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಹಣ್ಣಿನ ತಳಭಾಗದಲ್ಲಿ ಸಿಪ್ಪೆಯಷ್ಟೇ ಆಳಕ್ಕೆ ಅಡ್ಡ–ಉದ್ದ ಎರಡು ಗೀರು ಹಾಕಿ ಕುದಿಯುವ ನೀರಿಗೆ ಬಿಡಿ. ಮಾಗಿದ್ದಕ್ಕೆ 30 ಸೆಕೆಂಡು, ಸ್ವಲ್ಪ ಗಟ್ಟಿಯದಕ್ಕೆ 60 ಸೆಕೆಂಡು ಸಾಕು. ತಕ್ಷಣ ಐಸ್ ನೀರಿಗೆ ಹಾಕಿ, ಒಂದು ನಿಮಿಷ ಬಿಟ್ಟು ಗೀರಿನ ತುದಿಯಿಂದ ಎಳೆದರೆ ಸಿಪ್ಪೆ ಬರುತ್ತದೆ. ಒಂದು ನಿಮಿಷ ಕುದಿದರೂ ಬರದಿದ್ದರೆ ಹಣ್ಣು ಇನ್ನೂ ಕಾಯಿ ಎಂದರ್ಥ. ಮತ್ತೆ ಕುದಿಸಿದರೆ ಹೊರಪದರ ಬೆಂದುಹೋಗುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ಅಂಥದ್ದನ್ನು ಪೀಲರ್‌ನಲ್ಲಿ ಹೆರೆಯಿರಿ.

ಇನ್ನು ಹೋಳು. ಒಂದು ಸೆಂಟಿಮೀಟರ್ ಚೌಕಕ್ಕಿಂತ ದೊಡ್ಡದು ಬೇಡ. ದೊಡ್ಡ ಹೋಳಿನ ಸುತ್ತ ಹಿಟ್ಟು ಬೇಯುವುದಿಲ್ಲ, ಏಕೆಂದರೆ ಅದರ ರಸ ಅಲ್ಲಿಯ ಹಿಟ್ಟನ್ನು ಒದ್ದೆಯಾಗಿಯೇ ಇಡುತ್ತದೆ. ತೀರಾ ಸಣ್ಣಗೆ ಕೊಚ್ಚಿದರೆ ಕೊಯ್ದ ಮೈ ಹೆಚ್ಚಾಗಿ ರಸ ಇನ್ನಷ್ಟು ಸೋರುತ್ತದೆ, ಬಾಯಿಗೆ ಹಣ್ಣು ಸಿಗುವುದೂ ಇಲ್ಲ. 300 ಗ್ರಾಂ ಹೋಳಿಗೆ ಒಂದು ಟೀ ಚಮಚ ನಿಂಬೆರಸ, ಒಂದು ಟೀ ಚಮಚ ಸಕ್ಕರೆ ಸವರಿ ಜರಡಿಯಲ್ಲಿ ಹಾಕಿ, ಕೆಳಗೆ ಬಟ್ಟಲಿಟ್ಟು ಹತ್ತು ನಿಮಿಷ ಬಿಡುತ್ತೇನೆ. ನಿಂಬೆರಸ ಹಣ್ಣು ಕಂದಾಗುವುದನ್ನು ತಡೆಯುತ್ತದೆ, ಸಕ್ಕರೆ ರಸವನ್ನು ಹೊರಗೆಳೆಯುತ್ತದೆ. ಬಟ್ಟಲಿಗೆ ಇಳಿದ ಎರಡು ಮೂರು ದೊಡ್ಡ ಚಮಚ ರಸವನ್ನು ಚೆಲ್ಲಬೇಡಿ, ಕೊನೆಗೆ ಮೇಲಿನ ಸಕ್ಕರೆ ಲೇಪಕ್ಕೆ ಅದೇ ಬೇಕು. ಹೋಳನ್ನು ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ, ಅಳತೆಯ ಮೈದಾದಿಂದಲೇ ಒಂದು ದೊಡ್ಡ ಚಮಚ ತೆಗೆದು ಉದುರಿಸಿ ಹೊರಳಿಸಿ. ಈ ತೆಳು ಪುಡಿ ಉಳಿದ ಪಸೆಯನ್ನು ಹೀರಿಕೊಳ್ಳುತ್ತದೆ, ಹೋಳು ಹಿಟ್ಟಿನಲ್ಲಿ ಜಾರದೆ ಹಿಡಿದು ನಿಲ್ಲುವಂತೆಯೂ ಮಾಡುತ್ತದೆ.

ಹಣ್ಣು ಕೈ ಮೀರಿ ಮಾಗಿದ್ದರೆ ಇನ್ನೊಂದು ದಾರಿ ಇದೆ. ಅಗಲವಾದ ಬಾಣಲಿಯಲ್ಲಿ ಒಂದು ಟೀ ಚಮಚ ಬೆಣ್ಣೆ ಕಾಯಿಸಿ, ಜೋರು ಉರಿಯಲ್ಲಿ ಹೋಳನ್ನು ನಾಲ್ಕೈದು ನಿಮಿಷ ಬಾಡಿಸಿ, ತಟ್ಟೆಗೆ ಹರಡಿ ಪೂರ್ತಿ ಆರಿಸಿ. ರಸ ಇಂಗಿ ರುಚಿ ದಟ್ಟವಾಗುತ್ತದೆ, ತಾಜಾತನ ಮಾತ್ರ ಹೋಗುತ್ತದೆ. ಒಳ್ಳೆಯ ಹದದ ಹಣ್ಣಿಗೆ ಇದನ್ನು ಮಾಡಬೇಡಿ.

ಹಿಟ್ಟಿಗೆ: ಮೈದಾ 150 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಸಕ್ಕರೆ 35 ಗ್ರಾಂ, ಉಪ್ಪು ಅರ್ಧ ಟೀ ಚಮಚ, ದಾಲ್ಚಿನ್ನಿ ಪುಡಿ ಅರ್ಧ ಟೀ ಚಮಚ, ಒಂದು ಮೊಟ್ಟೆ, ಹಾಲು 75 ಮಿ.ಲೀ., ಕರಗಿಸಿ ಆರಿಸಿದ ಬೆಣ್ಣೆ 15 ಗ್ರಾಂ. ಮೇಲೆ ಹೇಳಿದ 300 ಗ್ರಾಂ ಹೋಳಿಗೆ ಮಧ್ಯಮ ಗಾತ್ರದ ಮೂರು ಹಣ್ಣು ಬೇಕಾಗುತ್ತದೆ. ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಫ್ರಿಟರ್ ಆಗುತ್ತವೆ. ಸಕ್ಕರೆ ಕಡಿಮೆ ಅನ್ನಿಸಿದರೂ ಹೆಚ್ಚಿಸಬೇಡಿ. ಹಣ್ಣಿನ ಸಕ್ಕರೆಯೂ ಸೇರಿ ಹೊರಮೈ ಬೇಗ ಕಂದಾಗುತ್ತದೆ, ಒಳಗೆ ಬೇಯುವಷ್ಟು ಹೊತ್ತು ಎಣ್ಣೆಯಲ್ಲಿ ಬಿಡಲು ಆಗುವುದೇ ಇಲ್ಲ. ಸಿಹಿ ಬೇಕಾದವರಿಗೆ ಮೇಲೆ ಲೇಪ ಇದ್ದೇ ಇದೆ. ಬಾದಾಮಿ ಎಸೆನ್ಸ್ ಎರಡು ಹನಿ ಹಾಕಿದರೆ ಪೀಚ್‌ಗೆ ಚೆನ್ನಾಗಿ ಹೊಂದುತ್ತದೆ, ಎರಡೂ ಒಂದೇ ಕುಲದ ಗಿಡಗಳು ತಾನೆ. ಆದರೆ ಆ ಪರಿಮಳಕ್ಕಾಗಿ ಗೊರಟು ಒಡೆದು ಒಳಗಿನ ಬೀಜ ಅರೆದು ಹಾಕಬೇಡಿ. ಅದರಲ್ಲಿರುವ ಅಮಿಗ್ಡಾಲಿನ್ ಸಯನೈಡ್ ಆಗಿ ಒಡೆಯುತ್ತದೆ.

ಒಣ ಸಾಮಾನೆಲ್ಲ ಒಂದು ಪಾತ್ರೆಯಲ್ಲಿ ಜರಡಿ ಹಿಡಿಯಿರಿ. ಮೊಟ್ಟೆ, ಹಾಲು, ಬೆಣ್ಣೆ ಇನ್ನೊಂದರಲ್ಲಿ ಕಡೆಯಿರಿ. ಹಾಲಿನಲ್ಲಿ ಒಂದು ಚಮಚ ಹಿಂದೆ ಉಳಿಸಿಕೊಳ್ಳಿ. ಎರಡನ್ನೂ ಸೇರಿಸಿ ಒಣಹಿಟ್ಟು ಕಾಣದಂತಾಗುವಷ್ಟು ಮಾತ್ರ ತಿರುಗಿಸಿ, ಗಂಟುಗಳಿದ್ದರೆ ಇರಲಿ. ನುಣ್ಣಗಾಗುವವರೆಗೆ ಕಲಸಿದರೆ ಮೈದಾದಲ್ಲಿ ಗ್ಲುಟೆನ್ ಬೆಳೆದು ಫ್ರಿಟರ್ ಜಗಿಯಲು ಬಿರುಸಾಗುತ್ತದೆ. ಹೋಳು ಕೊನೆಗೆ, ಎರಡು ಮೂರು ಸಲ ಮಗುಚಿದರೆ ಮುಗಿಯಿತು. ಹದ ನೋಡುವುದು ಹೀಗೆ: ಚಮಚ ಎತ್ತಿ ಓರೆ ಮಾಡಿದರೆ ಹಿಟ್ಟು ಧಾರೆಯಾಗಿ ಇಳಿಯಬಾರದು, ಕ್ಷಣ ಹೊತ್ತು ಕಚ್ಚಿ ನಿಂತು ಮುದ್ದೆಯಾಗಿ ಬೀಳಬೇಕು. ಚಮಚದಲ್ಲೇ ಅಂಟಿ ನಿಂತರೆ ಉಳಿಸಿಟ್ಟ ಹಾಲು ಹಾಕಿ, ಸಡಿಲವಾಗಿದ್ದರೆ ಒಂದು ದೊಡ್ಡ ಚಮಚ ಮೈದಾ ಸೇರಿಸಿ. ಹೋಳು ಸೇರಿಸುವ ಮೊದಲೇ ಎಣ್ಣೆ ಕಾದಿರಬೇಕು, ಈ ಕ್ರಮ ಮುಖ್ಯ. ಹಣ್ಣು ಬಿದ್ದ ಮೇಲೆ ಹಿಟ್ಟು ನಿಮಿಷ ನಿಮಿಷಕ್ಕೂ ಸಡಿಲವಾಗುತ್ತಾ ಹೋಗುತ್ತದೆ, ಬೇಕಿಂಗ್ ಪೌಡರಿನ ಗಾಳಿಯೂ ಆರುತ್ತದೆ. ಕಾಲು ಗಂಟೆಯೊಳಗೆ ಕರಿದು ಮುಗಿಸಲು ಆಗದಿದ್ದರೆ ಹಿಟ್ಟನ್ನೂ ಹೋಳನ್ನೂ ಅರ್ಧರ್ಧ ಮಾಡಿ ಎರಡು ಸಲಕ್ಕೆ ಕಲಸಿಕೊಳ್ಳಿ.

ಮೊಟ್ಟೆ ಬೇಡವಾದರೆ ಅದರ ಜಾಗದಲ್ಲಿ ಗಟ್ಟಿ ಮೊಸರು 60 ಗ್ರಾಂ, ಕಾರ್ನ್‌ಫ್ಲೋರ್ ಒಂದು ದೊಡ್ಡ ಚಮಚ. ಹಾಲು 65 ಮಿ.ಲೀ.ಗೆ ಇಳಿಸಿ. ಬೇಕಿಂಗ್ ಪೌಡರ್ ಒಂದು ಟೀ ಚಮಚ ಸಾಕು, ಜೊತೆಗೆ ಕಾಲು ಟೀ ಚಮಚ ಅಡುಗೆ ಸೋಡಾ. ಮೊಸರಿನ ಹುಳಿ ಸೋಡಾವನ್ನು ತಕ್ಷಣ ಕೆಲಸಕ್ಕೆ ಹಚ್ಚುವುದರಿಂದ ಈ ಹಿಟ್ಟಿಗೆ ಇನ್ನೂ ಕಡಿಮೆ ಸಮಯ, ಹತ್ತು ನಿಮಿಷ ಎಂದುಕೊಳ್ಳಿ.

ಕರಿಯಲು ದಪ್ಪ ತಳದ, ಆಳವಾದ ಪಾತ್ರೆ ಬೇಕು. ಎಣ್ಣೆ ಆರೇಳು ಸೆಂಟಿಮೀಟರ್ ಆಳ ಇರಲಿ, ಆದರೆ ಪಾತ್ರೆಯ ಅರ್ಧಕ್ಕಿಂತ ಮೇಲೆ ಬರಬಾರದು. ರಸದ ಹಣ್ಣು ಬಿದ್ದಾಗ ಎಣ್ಣೆ ಬುರುಬುರು ಉಕ್ಕುತ್ತದೆ. ಸೂರ್ಯಕಾಂತಿಯೋ ಕಡಲೆಕಾಯಿಯೋ, ವಾಸನೆಯಿಲ್ಲದ ರಿಫೈನ್ಡ್ ಎಣ್ಣೆ ಆಗಬಹುದು. ಹಿಟ್ಟು ಬಿಡುವಾಗ 175 ಡಿಗ್ರಿ, ಕರಿಯುತ್ತಿರುವಾಗ 165ಕ್ಕಿಂತ ಕೆಳಗೆ ಇಳಿಯಬಾರದು. ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಪೀಚ್‌ನ ಮಟ್ಟಿಗೆ ಅದು ದುಂದಲ್ಲ. ಇಲ್ಲದಿದ್ದರೆ ಬಟಾಣಿಯಷ್ಟು ಹಿಟ್ಟು ಬಿಟ್ಟು ನೋಡಿ: ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಗುಳ್ಳೆಗಳೊಂದಿಗೆ ಮೇಲೆ ತೇಲಿ, ಸುಮಾರು ಒಂದು ನಿಮಿಷಕ್ಕೆ ಹೊಂಬಣ್ಣಕ್ಕೆ ಬಂದರೆ ಕಾವು ಸರಿ. ಮುಳುಗದೆ ಮೇಲೆಯೇ ಸಿಡಿಸಿಡಿ ಅಂದರೆ ಉರಿ ತಗ್ಗಿಸಿ ಸ್ವಲ್ಪ ಕಾಯಿರಿ.

ಒಂದೂವರೆ ದೊಡ್ಡ ಚಮಚದಷ್ಟು ಹಿಟ್ಟನ್ನು ಎಣ್ಣೆಯ ಮಟ್ಟಕ್ಕೆ ತೀರ ಹತ್ತಿರ ಹಿಡಿದು ಇನ್ನೊಂದು ಚಮಚದಿಂದ ಮೆಲ್ಲನೆ ಜಾರಿಸಿ. ಮೇಲಿಂದ ಹಾಕಿದರೆ ಎಣ್ಣೆ ಕೈಗೆ ಹಾರುತ್ತದೆ. ಇದಕ್ಕಿಂತ ದೊಡ್ಡ ಉಂಡೆಯ ನಡುಭಾಗ ಬೇಯುವಷ್ಟರಲ್ಲಿ ಹೊರಗೆ ಕರಕಲಾಗಿರುತ್ತದೆ. ಒಂದು ಸಲಕ್ಕೆ ನಾಲ್ಕೈದು ಮಾತ್ರ. ಹೆಚ್ಚು ಹಾಕಿದಷ್ಟೂ ಎಣ್ಣೆ ತಣಿದು, ಫ್ರಿಟರ್ ಎಣ್ಣೆ ಕುಡಿಯುತ್ತದೆ. ಒಂದು ಮಗ್ಗುಲು ಎರಡು ನಿಮಿಷ, ತಿರುಗಿಸಿ ಒಂದೂವರೆಯಿಂದ ಎರಡು ನಿಮಿಷ. ಮೊದಲ ಅರ್ಧ ನಿಮಿಷ ಜಾಲರಿ ಮುಟ್ಟಿಸಲೇಬೇಡಿ, ಪದರ ಗಟ್ಟಿಯಾಗುವ ಮುಂಚೆ ಕೆದಕಿದರೆ ಹರಿದು ರಸ ಎಣ್ಣೆಗೆ ಬೀಳುತ್ತದೆ. ಗುಳ್ಳೆಗಳ ಸದ್ದು ಇಳಿದದ್ದು ಬೆಂದ ಲಕ್ಷಣ ಎಂಬ ಮಾತು ಇಲ್ಲಿ ಅಷ್ಟು ನಡೆಯುವುದಿಲ್ಲ, ಹಣ್ಣಿನ ನೀರು ಕೊನೆಯವರೆಗೂ ಸದ್ದು ಮಾಡುತ್ತಲೇ ಇರುತ್ತದೆ. ಮೊದಲ ಸುತ್ತಿನ ಒಂದನ್ನು ಮುರಿದು ನೋಡುವುದೇ ನಂಬಿಕೆಗೆ ಅರ್ಹ. ಹೋಳಿನ ಪಕ್ಕದ ಹಿಟ್ಟು ಒದ್ದೆಯಾಗಿ ಹೊಳೆಯಬಹುದು, ಆದರೆ ಬೆರಳಿಗೆ ಅಂಟಬಾರದು. ಒಳಗಿನ ಕಾವು 95 ಡಿಗ್ರಿ ಮುಟ್ಟಿದ್ದರೆ ಅನುಮಾನವಿಲ್ಲ.

ಎಣ್ಣೆ ಒಳಗಿಳಿಯುವುದು ಬಹುಪಾಲು ಹೊರಗೆ ತೆಗೆದ ಮೇಲೆ. ಕರಿಯುವಾಗ ಒಳಗಿನ ಆವಿ ಹೊರಗೆ ನುಗ್ಗುತ್ತಾ ಎಣ್ಣೆಯನ್ನು ದೂರ ಇಡುತ್ತದೆ. ತೆಗೆದ ಕೂಡಲೇ ಆವಿ ತಣಿದು ಕುಗ್ಗಿ, ಮೈಮೇಲಿನ ಎಣ್ಣೆಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆದ್ದರಿಂದ ಜಾಲರಿಯನ್ನು ಎಣ್ಣೆಯ ಮೇಲೆಯೇ ಎರಡು ಸಲ ಕೊಡವಿ, ಕಾಗದದ ಮೇಲೆ ಐದು ಸೆಕೆಂಡು ಹೊರಳಿಸಿ, ತಕ್ಷಣ ತಂತಿಯ ಸ್ಟ್ಯಾಂಡ್‌ಗೆ ಸಾಗಿಸಿ. ಕಾಗದದ ಮೇಲೆಯೇ ಬಿಟ್ಟರೆ ಆವಿ ಕೆಳಗೆ ಸಿಕ್ಕಿ ತಳ ಮೆತ್ತಗಾಗುತ್ತದೆ.

ಲೇಪಕ್ಕೆ 120 ಗ್ರಾಂ ನುಣ್ಣನೆಯ ಪುಡಿ ಸಕ್ಕರೆಗೆ ಎತ್ತಿಟ್ಟ ಪೀಚ್ ರಸ ಒಂದೂವರೆ ದೊಡ್ಡ ಚಮಚ, ಒಂದು ಚಿಟಿಕೆ ಉಪ್ಪು. ಕಲಸಿ ನೋಡಿ, ಬೇಕಿದ್ದರೆ ಮಾತ್ರ ಹನಿಹನಿಯಾಗಿ ಹೆಚ್ಚಿಸಿ. ಫ್ರಿಟರ್ ಮೂರು ನಿಮಿಷ ಆರಿದ ಮೇಲೆ ಅದ್ದಿ: ಕುದಿಬಿಸಿಯಲ್ಲಿ ಲೇಪ ಕರಗಿ ಹರಿದುಹೋಗುತ್ತದೆ, ತಣ್ಣಗಾದರೆ ದಪ್ಪಗೆ ಕೂತು ಬರೀ ಸಿಹಿಯಾಗುತ್ತದೆ. ದಾಲ್ಚಿನ್ನಿ–ಸಕ್ಕರೆಯಲ್ಲಿ ಹೊರಳಿಸುವುದಾದರೆ ಇದಕ್ಕೆ ತದ್ವಿರುದ್ಧ, ಬಿಸಿ ಇರುವಾಗಲೇ ಹೊರಳಿಸಬೇಕು, ಇಲ್ಲವಾದರೆ ಅಂಟುವುದಿಲ್ಲ.

ಬಿಲ್ಲೆಗಳನ್ನು ಅದ್ದಿ ಕರಿಯುವ ಬಗೆಯೂ ಇದೆ. ನೋಡಲು ಚೆಂದ, ತಡಮಾಡದೆ ತಿನ್ನುವವರಿಗಷ್ಟೇ ಸರಿ. 8 ಮಿ.ಮೀ. ದಪ್ಪದ ಹೋಳನ್ನು ಒರೆಸಿ ಮೈದಾ ಸವರಿ, 100 ಗ್ರಾಂ ಮೈದಾ, 25 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪನ್ನು ಸುಮಾರು 150 ಮಿ.ಲೀ. ತಣ್ಣನೆಯ ಸೋಡಾ ನೀರಲ್ಲಿ ಕಲಸಿದ ಹಿಟ್ಟಿಗೆ ಅದ್ದಿ, 180 ಡಿಗ್ರಿಯಲ್ಲಿ ಎರಡೂವರೆ ನಿಮಿಷ. ಗರಿಗರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ.

ನೆಕ್ಟರಿನ್ ಎಂದರೆ ರೋಮವಿಲ್ಲದ ಪೀಚ್ ಅಷ್ಟೆ, ಇದೇ ಅಳತೆ ನಡೆಯುತ್ತದೆ. ಅದರ ಸಿಪ್ಪೆ ನುಣುಪಾದ್ದರಿಂದ ಹಾಗೇ ಬಿಡುವವರೂ ಇದ್ದಾರೆ. ಫ್ರೀಜ್ ಮಾಡಿದ ಹೋಳನ್ನು ಪೂರ್ತಿ ಕರಗಿಸಿ, ಸೋಸಿ, ಬಾಣಲಿಯಲ್ಲಿ ಬಾಡಿಸಿಯೇ ಬಳಸಬೇಕು. ಡಬ್ಬಿಯ ಪೀಚ್ ಸಕ್ಕರೆ ಪಾಕದಲ್ಲಿ ಬೆಂದದ್ದು, ಬರೀ ಸಿಹಿ. ಅದಕ್ಕೆ ಎಣ್ಣೆ ಕಾಯಿಸುವ ಶ್ರಮ ಬೇಡ ಅನ್ನಿಸುತ್ತದೆ.

ಕರಿದ ದಿನವೇ ತಿನ್ನುವುದು ಉತ್ತಮ. ಉಳಿದರೆ ಲೇಪ ಹಾಕದೆ ಒಂದಕ್ಕೊಂದು ತಾಗದಂತೆ ಫ್ರೀಜ್ ಮಾಡಿ, ಕರಗಿಸದೆ ನೇರವಾಗಿ 180 ಡಿಗ್ರಿ ಓವನ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಬಿಸಿ ಮಾಡಿ. ಮೈಕ್ರೊವೇವ್‌ನಲ್ಲಿ ರಸ ಆವಿಯಾಗಿ ಪದರವನ್ನೇ ನೆನೆಸಿಬಿಡುತ್ತದೆ. ಎಣ್ಣೆ ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿಡಿ. ತಳದಲ್ಲಿ ಕೂತ ಹಣ್ಣಿನ ಚೂರು ಹಾಗೇ ಉಳಿದರೆ ಮುಂದಿನ ಸಲ ಕಾಯಿಸುವಾಗ ಅದೇ ಮೊದಲು ಸುಟ್ಟು ಎಣ್ಣೆಯನ್ನೆಲ್ಲ ಕಹಿ ಮಾಡುತ್ತದೆ.